ಜಾತ್ರೆಗೆ ಊರ ರೊಟ್ಟಿ: ಮನೆ ಎಣಿಸಬೇಡಿ, ಒಲೆ ಎಣಿಸಿ

ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬಂದ ಮರುದಿನದಿಂದ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಶುರುವಾಗುತ್ತದೆ: ‘ಈ ಸಲ ನಮ್ಮೂರಿಂದ ಎಷ್ಟು ರೊಟ್ಟಿ?’ ಕೊಪ್ಪಳದ ಗವಿಸಿದ್ಧೇಶ್ವರ ಮಠದ, ಅಂದರೆ ಗವಿಮಠದ, ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ, ಬನದ ಹುಣ್ಣಿಮೆ ಕಳೆದ ಎರಡು ದಿನಕ್ಕೆ. ಎಳ್ಳಮವಾಸ್ಯೆಯಿಂದ ಅಲ್ಲಿಗೆ ಹದಿನೇಳು ದಿನ ಸಿಕ್ಕರೆ ಹೆಚ್ಚು. ಜಾತ್ರೆಯ ಮಹಾದಾಸೋಹದಲ್ಲಿ ಸಾಲುಸಾಲಾಗಿ ಕೂತವರ ತಾಟಿಗೆ ಬೀಳುವ ಲಕ್ಷಗಟ್ಟಲೆ ಜೋಳದ ರೊಟ್ಟಿ ಯಾವುದೋ ಒಂದು ದೊಡ್ಡ ಅಡುಗೆಮನೆಯಲ್ಲಿ ಬೇಯುವುದಿಲ್ಲ. ಅದು ಸುತ್ತಲಿನ ಊರುಗಳ ಓಣಿಗಳಲ್ಲಿ, ಹಿತ್ತಿಲಲ್ಲಿ, ಗುಡಿಯ ಅಂಗಳದಲ್ಲಿ ಬೆಂದು, ಒಣಗಿ, ಬುಟ್ಟಿ ಸೇರಿ, ಟ್ರ್ಯಾಕ್ಟರ್ ಹತ್ತಿ ಬರುತ್ತದೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯೊಳಗೇ ಇತ್ತು. ಜಿಲ್ಲೆ ಬೇರೆಯಾದರೂ ನಡೆದುಕೊಳ್ಳುವ ಭಕ್ತರು ಬೇರೆಯಾಗಿಲ್ಲ, ಆ ಕಡೆಯಿಂದಲೂ ರೊಟ್ಟಿ ಬರುತ್ತದೆ.

ಈ ಕೆಲಸ ಊರಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನು ವಿವರವಾಗಿ ಬರೆದಿಡಬೇಕು. ಮೊದಲ ತಪ್ಪು ಹಿಟ್ಟಿನಲ್ಲಿ ಆಗುವುದಿಲ್ಲ, ಕಟ್ಟೆಯ ಮೇಲೆ ಆಗುತ್ತದೆ. ಹನುಮಪ್ಪನ ಗುಡಿ ಕಟ್ಟೆಗೆ ಹಿರಿಯರು ಕೂಡುತ್ತಾರೆ, ಕಳೆದ ವರ್ಷ ಪಕ್ಕದೂರಿನವರು ಎಷ್ಟು ಕೊಟ್ಟರು ಅನ್ನುವ ಮಾತು ಬರುತ್ತದೆ, ಅದಕ್ಕಿಂತ ಸಾವಿರ ಜಾಸ್ತಿ ಅಂತ ಒಬ್ಬರು ಹೇಳುತ್ತಾರೆ, ‘ಆಗ್ಲಿ’ ಅಂತ ಎಲ್ಲರೂ ಏಳುತ್ತಾರೆ. ರೊಟ್ಟಿ ಬಡಿಯುವ ಒಂದು ಕೈಯೂ ಆ ಕಟ್ಟೆಯ ಮೇಲೆ ಇರುವುದಿಲ್ಲ. ಸಂಖ್ಯೆ ಮೊದಲು ನಿಂತು, ಆಮೇಲೆ ಅದು ಹೆಂಗಸರ ರಟ್ಟೆಗೆ ಬೀಳುತ್ತದೆ. ಹೀಗೆ ಆಗಬಾರದು. ಬಡಿಯುವವರನ್ನು ಕೇಳಿ, ಒಲೆ ಎಣಿಸಿ, ಹಿಟ್ಟು ತೂಗಿ, ಆಮೇಲೆ ಸಂಖ್ಯೆ ಹೇಳಬೇಕು.

ಲೆಕ್ಕಕ್ಕೆ 200 ಮನೆಯ ಒಂದು ಊರು ಇಟ್ಟುಕೊಳ್ಳಿ. ‘ಮನೆಗೆ 25, ಒಟ್ಟು 5,000’ ಅನ್ನುವುದು ಕಟ್ಟೆಯ ಮೇಲಿನ ಲೆಕ್ಕ. ಕೇಳಲಿಕ್ಕೆ ಸುಲಭ. ಆದರೆ ಅದು ಜನವರಿ ತಿಂಗಳು. ಮುಂಗಾರಿನ ಬೆಳೆ ಮುಗಿದ ಮೇಲೆ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೋದವರು ಯುಗಾದಿಗೋ ಮಳೆಗಾಲಕ್ಕೋ ಬರುವವರು. ಇಂಥ 40 ಮನೆ ತೆಗೆಯಿರಿ. ಮುದುಕಿ ಒಬ್ಬಳೇ ಇರುವ ಮನೆ, ಬಾಣಂತಿ ಇರುವ ಮನೆ, ಸೂತಕದ ಮನೆ ಸೇರಿ ಇನ್ನೊಂದು 25. ಉಳಿದದ್ದು 135. ಈಗ ಮನೆಗೆ 25 ಅಲ್ಲ, 37. ಮಿಕ್ಕ 12 ರೊಟ್ಟಿ ಯಾರ ಮೇಲೆ ಹೋಯಿತು ಅಂತ ಯಾರೂ ಕೇಳಿರುವುದಿಲ್ಲ. ಸಾಮಾನ್ಯವಾಗಿ ಅದು ‘ಇಲ್ಲ’ ಅನ್ನಲಾರದ ಮನೆಯ ಮೇಲೆ ಹೋಗಿರುತ್ತದೆ.

ಇನ್ನೊಂದು ವಿಷಯ. ಅದೇ ಹೊತ್ತಿಗೆ ತೊಗರಿ ಕೊಯ್ಲು ನಡೆದಿರುತ್ತದೆ, ಹತ್ತಿ ಬಿಡಿಸುವುದು ಇರುತ್ತದೆ, ನೀರಾವರಿ ಇದ್ದ ಕಡೆ ಮೆಣಸಿನಕಾಯಿ ಹರಿಯುವುದು ಇರುತ್ತದೆ. ಒಂದು ದಿನ ರೊಟ್ಟಿಗೆ ಕೂತ ಹೆಂಗಸಿಗೆ ಆ ದಿನದ ಕೂಲಿ ಇಲ್ಲ. ಸ್ವಂತ ಹೊಲ ಇದ್ದವಳಿಗೆ ಇದು ಭಕ್ತಿ. ಕೂಲಿಯಿಂದಲೇ ಸಂತೆ ಮಾಡುವವಳಿಗೆ ಇದು ಭಕ್ತಿಯ ಜೊತೆಗೆ ಒಂದು ಸಂತೆಯ ದುಡ್ಡು. ಆದ್ದರಿಂದ ದಿನ ಗೊತ್ತು ಮಾಡುವಾಗ ಹೊಲದ ಕೆಲಸ ನೋಡಿಯೇ ಮಾಡಬೇಕು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳಲ್ಲಿ ಆ ದಿನವೇ ಒಲೆ ಹೂಡುವುದು ಹಳೆಯ ಜಾಣತನ. ಅಂದು ಗಂಡಸರೂ ಊರಲ್ಲೇ ಇರುತ್ತಾರೆ. ನೀರು, ಕಟ್ಟಿಗೆ, ಹಿಟ್ಟಿನ ಚೀಲ ಹೊರಲು ಕೈ ಸಿಗುತ್ತದೆ.

ಮನೆಮನೆಗೆ ಹಂಚುವುದಕ್ಕಿಂತ ಒಂದೆಡೆ ಕೂಡಿ ಬಡಿಯುವುದು ಮೇಲು. ಕಾರಣ ಒಲೆಯ ಲೆಕ್ಕದಲ್ಲೇ ಇದೆ. ಒಬ್ಬಳೇ ಕೂತು ನಾದಿ, ಬಡಿದು, ಬೇಯಿಸಿದರೆ ತಾಸಿಗೆ 20ರಿಂದ 25 ರೊಟ್ಟಿ. ಅದೇ ಒಲೆಗೆ ಮೂವರು ಕೂತರೆ, ಒಬ್ಬಳು ನಾದುವುದು, ಒಬ್ಬಳು ಬಡಿಯುವುದು, ಒಬ್ಬಳು ಹಂಚು ನೋಡುವುದು, ತಾಸಿಗೆ 40 ಸಲೀಸು. ಬಡಿಯುವವಳು ಎಷ್ಟು ಚುರುಕಾಗಿದ್ದರೂ ಇದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲ, ಯಾಕೆಂದರೆ ಹಂಚು ಒಂದೇ. ಅದರ ಮೇಲೆ ರೊಟ್ಟಿ ಒಂದೂವರೆ ನಿಮಿಷ ಕೂರಲೇಬೇಕು. 10 ಒಲೆಯಾದರೆ ತಾಸಿಗೆ 400. 5,000ಕ್ಕೆ ಹನ್ನೆರಡೂವರೆ ತಾಸು. ಎರಡು ದಿನ, ಬೆಳಗ್ಗೆ 6ಕ್ಕೆ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಏಳಬಹುದು. ಹತ್ತೂ ಒಲೆಗೆ ಸೇರಿ 30 ಹೆಂಗಸರು, ಮೇಲುಗೆಲಸಕ್ಕೆ ಆರೇಳು ಮಂದಿ. ಅರ್ಧ ತಾಸಿಗೊಮ್ಮೆ ಮೂವರೂ ಜಾಗ ಬದಲಿಸಬೇಕು. ಹಂಚಿನ ಮುಂದೆ ಕೂತವಳಿಗೆ ಹೊಗೆ ಮತ್ತು ಕಾವು, ಬಡಿಯುವವಳಿಗೆ ಭುಜ ಮತ್ತು ಮಣಿಕಟ್ಟು, ನಾದುವವಳಿಗೆ ಅಂಗೈ ಬಿಸಿ. ಬದಲಿಸದೆ ಕೂತರೆ ಎರಡನೇ ದಿನ ಕೈ ಏಳುವುದಿಲ್ಲ, ಒಲೆ ಹತ್ತು ಇದ್ದದ್ದು ಏಳಾಗುತ್ತದೆ.

ಇದು ಹೊಸದೇನಲ್ಲ, ಹೊಲದ ಮುಯ್ಯಾಳಿನ ರೀತಿಯೇ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಅನ್ನುವ ಕೊಡುಕೊಳ್ಳುವಿಕೆ ಕಳೆ ತೆಗೆಯುವುದಕ್ಕೂ ಇದೆ, ಮದುವೆ ಮನೆಯ ರೊಟ್ಟಿಗೂ ಇದೆ. ಯಾರ ಮದುವೆಗೆ ಯಾರು ಎಷ್ಟು ಹೊತ್ತು ಕೂತಿದ್ದರು ಅನ್ನುವುದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಆದರೆ ಓಣಿಯ ಹೆಂಗಸರಿಗೆ ಅದು ತಪ್ಪದೆ ನೆನಪಿರುತ್ತದೆ. ಜಾತ್ರೆಯ ರೊಟ್ಟಿಗೆ ಒಲೆ ಗುಂಪು ಮಾಡುವಾಗ ಈ ನೆನಪನ್ನೇ ಬಳಸಬೇಕು. ಪರಸ್ಪರ ಕೈ ಗೊತ್ತಿದ್ದವರು ಒಂದು ಒಲೆಗೆ ಕೂತರೆ ಹಿಟ್ಟಿನ ಹದ, ಉಂಡೆಯ ಗಾತ್ರ, ಹಂಚಿನ ಕಾವು ಯಾವುದನ್ನೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಇನ್ನು ಜೋಳ. 1 ಕಿಲೋ ಹಿಟ್ಟಿಗೆ ಒಂಬತ್ತು ಇಂಚು ಅಗಲದ ತೆಳ್ಳನೆಯ ರೊಟ್ಟಿ 12ರಿಂದ 14 ಬರುತ್ತವೆ. 5,000ಕ್ಕೆ 400 ಕಿಲೋ ಹಿಟ್ಟು ಹಿಡಿಯಿರಿ. ಹಸನು ಮಾಡುವಾಗ ಹೋಗುವ ಕಲ್ಲು-ಕಸ, ಗಿರಣಿಯಲ್ಲಿ ಹಾರುವುದು, ಸಾಣಿಗೆಯಲ್ಲಿ ಉಳಿಯುವ ತೌಡು ಎಲ್ಲ ಸೇರಿ 425 ಕಿಲೋ ಜೋಳ ಬೇಕು. ಪಟ್ಟಿ ಎತ್ತುವಾಗ ರೊಟ್ಟಿಯ ಸಂಖ್ಯೆಯಲ್ಲಿ ಕೇಳದೆ ಜೋಳದ ತೂಕದಲ್ಲಿ ಕೇಳುವುದು ನ್ಯಾಯ. ಜೋಳ ಬೆಳೆದ ಮನೆ 5 ಕಿಲೋ ಕೊಡಲಿ, ಇಲ್ಲದ ಮನೆ ಕೈಗೆಲಸ ಕೊಡಲಿ, ಗುಳೆ ಹೋದವರು ಬೇಕಾದರೆ ಫೋನಿನಲ್ಲೇ ದುಡ್ಡು ಹಾಕಲಿ. ಮೂರೂ ಒಂದೇ ಪುಸ್ತಕದಲ್ಲಿ, ಒಂದೇ ಸಾಲಿನಲ್ಲಿ ಬರೆಯಬೇಕು. ದುಡ್ಡು ಕೊಟ್ಟವರ ಹೆಸರು ಮೈಕಿನಲ್ಲಿ ಕೂಗಿ, ಎರಡು ದಿನ ಒಲೆ ಮುಂದೆ ಕೂತವರ ಹೆಸರು ಎಲ್ಲೂ ಬರದಿದ್ದರೆ ಆ ಪುಸ್ತಕ ಸುಳ್ಳು ಪುಸ್ತಕ.

ಬಂದ ಜೋಳವನ್ನೆಲ್ಲ ಒಂದೇ ರಾಶಿಗೆ ಸುರಿಯಬೇಡಿ. ಇಲ್ಲೇ ಅರ್ಧ ರೊಟ್ಟಿ ಕೆಡುವುದು. ಎರೆಹೊಲದ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ಅಂತ ಕರೆಯುವ ಎಂ-35-1 ತಳಿ, ರೊಟ್ಟಿಗೆ ಹೇಳಿ ಮಾಡಿಸಿದ್ದು: ಹಿಟ್ಟಿಗೆ ಜಿಗಿ ಇರುತ್ತದೆ, ರುಚಿಯಲ್ಲಿ ಒಂದು ಸಣ್ಣ ಸಿಹಿ ಇರುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ಕಾಳು ಬಲಿಯುವ ಹೊತ್ತಿಗೆ ಮಳೆ ಹೊಡೆದರೆ ಕಪ್ಪಗಾಗುತ್ತದೆ. ಆ ಹಿಟ್ಟಿನ ರೊಟ್ಟಿ ಬೂದು ಬಣ್ಣಕ್ಕೆ ತಿರುಗಿ, ಅಂಚು ಬಿರಿದು, ನಾಲಿಗೆಗೆ ಕಹಿ ತಾಗುತ್ತದೆ. ಒಂದು ಚೀಲ ಕಪ್ಪು ಜೋಳ ನಾಲ್ಕು ಚೀಲ ಒಳ್ಳೆಯದನ್ನು ಕೆಡಿಸುತ್ತದೆ. ಬೂಸು ಹಿಡಿದ ಕಾಳು ಇದ್ದರೆ ಮನುಷ್ಯರ ಊಟಕ್ಕೆ ಬಳಸಲೇಬಾರದು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೊಲಗಳೆಲ್ಲ ಭತ್ತಕ್ಕೆ ತಿರುಗಿದವು. ಆ ಕಡೆಯ ಊರುಗಳು ಜೋಳವನ್ನು ಕೊಂಡೇ ತರಬೇಕು. ಕೊಳ್ಳುವಾಗ ಒಂದು ಹಿಡಿ ಜೋಳ ಬೀಸಿಸಿ, ಎರಡು ರೊಟ್ಟಿ ಬಡಿದು ನೋಡಿಯೇ ಚೀಲ ಎತ್ತಿ. ಕಾಳು ನೋಡಿದರೆ ಬಣ್ಣ ಗೊತ್ತಾಗುತ್ತದೆ, ಜಿಗಿ ಗೊತ್ತಾಗುವುದಿಲ್ಲ.

ಹಿಂಗಾರಿ ಜೋಳದ ಸುಗ್ಗಿ ಜಾತ್ರೆ ಮುಗಿದ ಮೇಲೆ. ಜಾತ್ರೆಯ ಹೊತ್ತಿಗೆ ಹೊಲದಲ್ಲಿರುವುದು ಹಸಿ ತೆನೆ, ಕೆಲವು ಕಡೆ ಸುಟ್ಟು ತಿನ್ನುವ ಎಳೆಗಾಳು, ಸೀತನಿ. ಹಾಗಾಗಿ ರೊಟ್ಟಿಗೆ ಬರುವುದು ಕಳೆದ ವರ್ಷದ ಜೋಳ, ಹತ್ತು ಹನ್ನೊಂದು ತಿಂಗಳು ಚೀಲದಲ್ಲಿ ಕೂತದ್ದು. ಹಿಂದೆ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು, ಬೂದಿ, ಬೇವಿನ ಸೊಪ್ಪು ಹಾಕುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಕಾಳಿಗೆ ಹುಳ ಸಾಯಿಸುವ ಮಾತ್ರೆ ಇಡುತ್ತಾರೆ. ಮಾತ್ರೆ ಇಟ್ಟ ಜೋಳ ತಂದವರು ಅದನ್ನು ಬಾಯಿಬಿಟ್ಟು ಹೇಳಬೇಕು, ಕೇಳುವವರು ನಾಚದೆ ಕೇಳಬೇಕು. ಅದರ ಹೊಗೆ ವಿಷ. ಚೀಲವನ್ನು ಮನೆಯೊಳಗೆ ಬಿಚ್ಚದೆ ಬಯಲಲ್ಲಿ ಬಿಚ್ಚಿ, ಮಾತ್ರೆಯ ಪುಡಿ ಉಳಿದಿದ್ದರೆ ಕೈಯಿಂದ ಮುಟ್ಟದೆ ತೆಗೆದು ಹೂತು, ಜೋಳವನ್ನು ಎರಡು ಮೂರು ದಿನ ಗಾಳಿಗೆ ಹರವಿ, ಆಮೇಲೆಯೇ ಹಸನು ಮಾಡಲು ಕೂರಬೇಕು. ಮಕ್ಕಳನ್ನು ಆ ರಾಶಿಯ ಹತ್ತಿರ ಬಿಡಬಾರದು.

ಹಸನು ಅಂದರೆ ಮೊರದಲ್ಲಿ ಕೇರಿ, ಹರಳು ಆರಿಸಿ, ಅರ್ಧ ದಿನ ಬಿಸಿಲಿಗೆ ಹಾಕುವುದು. ತೊಳೆಯಬಾರದು, ತೊಳೆದ ಜೋಳ ಒಳಗೆ ಒಣಗಿಲ್ಲದಿದ್ದರೆ ಗಿರಣಿಯಲ್ಲಿ ಹಿಟ್ಟು ಮುದ್ದೆ ಕಟ್ಟುತ್ತದೆ. ಗಿರಣಿಯವರನ್ನು ಮೊದಲೇ ಕೇಳಿ ಇಟ್ಟುಕೊಳ್ಳಬೇಕಾದ ಮಾತು ಎರಡು. ಕಲ್ಲನ್ನು ಹೊಸದಾಗಿ ಹೊಡೆಸಿದ್ದರೆ ಮೊದಲ 10 ಕಿಲೋದಲ್ಲಿ ಕಲ್ಲಿನ ಪುಡಿ ಬರುತ್ತದೆ, ಅದನ್ನು ದನಕ್ಕೆ ತೆಗೆದಿಡಿ. ಖಾರ ಬೀಸಿದ ಗಿರಣಿಯಲ್ಲಿ ಬೀಸಿಸಬೇಡಿ; ಬಡಿಯುವವರ ಅಂಗೈ ಉರಿಯುತ್ತದೆ, ಕಣ್ಣು ಉರಿಯುತ್ತದೆ. ಹಿಟ್ಟು ನುಣ್ಣಗಿರಬೇಕು. ತರಿ ಹಿಟ್ಟಿಗೆ ನೀರು ಹಿಡಿಯದೆ ಅಂಚು ಹರಿಯುತ್ತದೆ. ಗಿರಣಿಯಿಂದ ಬಂದ ಹಿಟ್ಟು ಕೈಗೆ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹಾಗೆಯೇ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೆವರಿ ಮುಗ್ಗಲು ವಾಸನೆ ಬರುತ್ತದೆ. ಒಣ ಬಟ್ಟೆಯ ಮೇಲೆ ಹರವಿ ಆರಿಸಿ, ಆಮೇಲೆ ತುಂಬಿ.

ಒಂದೇ ಸಲ 400 ಕಿಲೋ ಬೀಸಿಸಿ ವಾರ ಇಡುವುದು ಕೂಡ ತಪ್ಪು. ಜೋಳದ ಹಿಟ್ಟು ದಿನ ಕಳೆದಂತೆ ಜಿಗಿ ಕಳೆದುಕೊಳ್ಳುತ್ತದೆ. ಮೊಳಕೆಯ ಭಾಗದಲ್ಲಿ ಇರುವ ಎಣ್ಣೆಯಂಶ ಹಿಟ್ಟಾದ ಮೇಲೆ ಗಾಳಿಗೆ ಸಿಕ್ಕು ಕಮಟುತ್ತದೆ, ಹಿಟ್ಟು ಕಹಿಯಾಗುತ್ತದೆ. ಬಡಿಯುವ ಎರಡು ದಿನ ಮೊದಲು ಬೀಸಿಸಿದ್ದು ಒಳ್ಳೆಯದು, ನಾಲ್ಕೈದು ದಿನ ದಾಟಿಸಬೇಡಿ.

ಕಟ್ಟಿಗೆಯ ಮಾತು. ತೊಗರಿ ಕಟ್ಟಿಗೆ ಭಗ್ ಅಂತ ಉರಿದು ಬೇಗ ಮುಗಿಯುತ್ತದೆ, ಬಳ್ಳಾರಿ ಜಾಲಿ ನಿಧಾನ ಹತ್ತಿ ಒಳ್ಳೆಯ ಕೆಂಡ ಬಿಡುತ್ತದೆ. ರೊಟ್ಟಿಗೆ ಎರಡೂ ಬೇಕು: ಹಂಚಿಗೆ ಉರಿ, ರೊಟ್ಟಿ ನಿಲ್ಲಿಸಿ ಒಣಗಿಸಲು ಕೆಂಡ. ಜಾಲಿ ಬುಡಕ್ಕೆ, ತೊಗರಿ ಬಾಯಿಗೆ. ಹತ್ತಿ ಕಟ್ಟಿಗೆ ಬಳಸಬಹುದು, ಆದರೆ ಆ ಹೊಲಕ್ಕೆ ಹೊಡೆದ ಔಷಧಿಯ ನೆನಪಿಟ್ಟುಕೊಂಡು, ಬೇರೆ ಕಟ್ಟಿಗೆ ಇದ್ದರೆ ಅದನ್ನು ಬಿಡುವುದೇ ಲೇಸು. ಚಳಿಗಾಲದ ಬೆಳಗಿನ ಮೂಡಗಾಳಿ ಒಲೆಯ ಉರಿಯನ್ನು ಒಂದೇ ಕಡೆಗೆ ಎಳೆಯುತ್ತದೆ. ಆಗ ಹಂಚಿನ ಒಂದು ಮಗ್ಗುಲು ಸುಡುತ್ತದೆ, ಇನ್ನೊಂದು ಮಗ್ಗುಲು ಹಸಿಯೇ ಉಳಿಯುತ್ತದೆ. ಒಲೆ ಸಾಲಿನ ಮೂಡಲ ಬದಿಗೆ ಆಳೆತ್ತರದ ತಟ್ಟಿ ಅಥವಾ ತಾಡಪತ್ರಿ ಕಟ್ಟಿ, ಉರಿ ತಾಗದಷ್ಟು ದೂರದಲ್ಲಿ. ಒಲೆ ಒಲೆಗೆ ಕನಿಷ್ಠ ನಾಲ್ಕು ಮೊಳ ಅಂತರ ಬಿಡಿ, ಸೆರಗಿಗೆ ಬೆಂಕಿ ಹತ್ತುವುದು ಒತ್ತಾಗಿ ಕೂತಾಗಲೇ. ಪ್ರತಿ ಎರಡು ಒಲೆಗೆ ಒಂದು ಕೊಡ ನೀರು ಬದಿಗೇ ಇರಬೇಕು, ಅದನ್ನು ಹಿಟ್ಟಿಗೆ ಬಳಸಬಾರದು.

ಹಿಟ್ಟಿನ ನೀರು ಸಿಹಿನೀರೇ ಆಗಬೇಕು. ಸವುಳು ನೀರಿನ ರೊಟ್ಟಿ ಒಣಗಿದ ಮೇಲೂ ತಂಪು ಎಳೆದುಕೊಂಡು ಮೆತ್ತಗಾಗುತ್ತದೆ. ಇದೇ ಕಾರಣಕ್ಕೆ ದಾಸೋಹಕ್ಕೆ ಕಳಿಸುವ ಖಡಕ್ ರೊಟ್ಟಿಗೆ ಉಪ್ಪು ಹಾಕಬಾರದು. ಮನೆಯಲ್ಲಿ ಬಿಸಿಬಿಸಿ ತಿನ್ನುವ ರೊಟ್ಟಿಗೆ ಚಿಟಿಕೆ ಹಾಕುವುದು ಬೇರೆ ಮಾತು. 400 ಕಿಲೋ ಹಿಟ್ಟಿಗೆ ಸುಮಾರು ಅಷ್ಟೇ ಲೀಟರ್ ಎಸರು, ಅಂದರೆ ಕುದಿಯುವ ನೀರು. ಅರಿವೆ ಅದ್ದಲು, ಕೈ ತೊಳೆಯಲು, ಕುಡಿಯಲು ಸೇರಿ 200 ಲೀಟರಿನ ನಾಲ್ಕು ಬ್ಯಾರಲ್ ತುಂಬಿಟ್ಟರೆ ನಡುವೆ ಯಾರೂ ಕೊಡ ಹಿಡಿದು ಓಡಬೇಕಾಗುವುದಿಲ್ಲ.

ಜೋಳಕ್ಕೆ ಗೋಧಿಯ ಹಾಗೆ ಎಳೆದುಕೊಳ್ಳುವ ಅಂಟು ಇಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ, ಆ ಜಿಗುಟೇ ರೊಟ್ಟಿಯನ್ನು ಹರಿಯದಂತೆ ಕಾಯುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಕುಣಿ ಮಾಡಿ, ಎಸರು ಮರಳುತ್ತಿರುವಾಗಲೇ ಸುರಿದು, ಕಟ್ಟಿಗೆಯಿಂದ ಕಲಸಿ, ಎರಡು ನಿಮಿಷ ಮುಚ್ಚಿಡಿ. ಬರೀ ಬೆಚ್ಚಗಿನ ನೀರು ಹಾಕಿದರೆ ಹಿಟ್ಟು ಒಟ್ಟಾದಂತೆ ಕಾಣುತ್ತದೆ, ಬಡಿಯುವಾಗ ಅಂಚು ನಕ್ಷತ್ರದ ಹಾಗೆ ಬಿರಿಯುತ್ತದೆ. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು, ಮೇಲೆ ಗೆರೆ ಕಾಣದಷ್ಟು. ಒಂದು ಸಲಕ್ಕೆ ಐದಾರು ರೊಟ್ಟಿಯಷ್ಟೇ ನಾದಿ. ಬೇಗ ಆಗಲಿ ಅಂತ ಐದು ಕಿಲೋ ಒಟ್ಟಿಗೆ ಕಲಸಿಟ್ಟರೆ ಕೊನೆಯ ಉಂಡೆಗಳು ಆರಿ, ಬಿಗಿದು, ಮತ್ತೆ ನೀರು ಬೇಡುತ್ತವೆ. ಹೀಗೆ ಎರಡನೇ ಸಲ ತಣ್ಣೀರು ಬೆರೆಸಿದ ಹಿಟ್ಟಿನ ರೊಟ್ಟಿ ಬೇಯುವಾಗ ಚೆನ್ನಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಮುಟ್ಟಿದರೆ ಪುಡಿ.

ಉಂಡೆಯ ಕೆಳಗೆ ಹುಡಿಹಿಟ್ಟು ತೆಳ್ಳಗೆ. ಬಡಿಯುವ ಅಂಗೈ ನಡುವಿನಿಂದ ಅಂಚಿಗೆ ಹೋಗಬೇಕು, ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತಿರಬೇಕು. ಹೊಸಬರು ನಡುವೆಯೇ ಬಡಿದು ನಡುವು ತೆಳ್ಳಗೆ, ಅಂಚು ದಪ್ಪ ಮಾಡುತ್ತಾರೆ. ಅಂಥ ರೊಟ್ಟಿ ನಡುವೆ ಸುಟ್ಟು ಅಂಚಿನಲ್ಲಿ ಹಸಿ ಉಳಿಯುತ್ತದೆ, ಬೂಸು ಮೊದಲು ಹಿಡಿಯುವುದು ಆ ಅಂಚಿಗೇ. ಕಲಿಯುವ ಹುಡುಗಿಯರನ್ನು ಜಾತ್ರೆಯ ದಿನ ಬಡಿಯಲು ಕೂರಿಸದೆ ಮೊದಲು ಹಂಚಿನ ಮುಂದೆ ಕೂರಿಸುವುದು ರೂಢಿ. ಈ ರೂಢಿ ಒಳ್ಳೆಯದು, ಯಾಕೆಂದರೆ ಬೇಯಿಸುವವಳಿಗೆ ಬಡಿದವಳ ತಪ್ಪು ಮೊದಲು ಕಾಣುತ್ತದೆ.

ಹುಡಿ ಹತ್ತಿದ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ತಕ್ಷಣ ಒದ್ದೆ ಅರಿವೆಯಿಂದ ಮೇಲೆಲ್ಲ ಸವರಬೇಕು. ಈ ಸವರುವ ಹೊತ್ತೇ ನಾಜೂಕು. ತಡವಾದರೆ ಹುಡಿಹಿಟ್ಟು ಬಿಳಿ ಮಚ್ಚೆಯಾಗಿ ಕೂತು ಹಸಿಹಿಟ್ಟಿನ ರುಚಿ ಬರುತ್ತದೆ, ಜೊತೆಗೆ ಬಿರುಕು. ನೀರು ಹೆಚ್ಚಾದರೆ ತಿರುವಿದಾಗ ಹಂಚಿಗೆ ಹತ್ತುತ್ತದೆ. ಮೇಲಿನ ತೇವ ಆರಿ, ಬಣ್ಣ ಮಂಕಾದಾಗ ಸಟ್ಟುಗ ತೂರಿಸಿ ತಿರುವಿ, ಅರಿವೆಯಿಂದ ಒತ್ತಿ. ಹಂಚು ಕಾದಿಲ್ಲದಿದ್ದರೆ ರೊಟ್ಟಿ ಉಬ್ಬುವುದಿಲ್ಲ, ಅತಿ ಕಾದರೆ ಒಳಗೆ ಬೇಯುವ ಮೊದಲೇ ಮೇಲೆ ಕರಿ ಚುಕ್ಕೆ. ಒಂದು ಹನಿ ನೀರು ಹಾಕಿದರೆ ಅದು ಕುಣಿದು ಮಾಯವಾಗಬೇಕು, ಅಷ್ಟು ಕಾವು. ಎರಡೂ ಬದಿ ಬೆಂದ ಮೇಲೆ ಒಲೆಯ ಬಾಯಿಗೆ ಕೆಂಡ ಎಳೆದು ಅದರ ಮುಂದೆ ರೊಟ್ಟಿಯನ್ನು ಓರೆಯಾಗಿ ನಿಲ್ಲಿಸಿ. ಖಡಕ್ ಆಗುವುದು ಇಲ್ಲಿ, ಹಂಚಿನ ಮೇಲೆ ಅಲ್ಲ.

ಬೇಯಿಸುವುದು ಮುಗಿದರೆ ಕೆಲಸ ಮುಗಿಯಿತು ಅಂದುಕೊಂಡ ಊರುಗಳ ರೊಟ್ಟಿ ಬುಟ್ಟಿಯಲ್ಲೇ ಕೆಡುತ್ತದೆ. ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿದರೆ ಬೆವರುತ್ತದೆ, ಮೂರನೇ ದಿನ ಹಸಿರು ಚುಕ್ಕೆ ಕಾಣುತ್ತದೆ. ಒಂದೊಂದಾಗಿ ಬಟ್ಟೆಯ ಮೇಲೆ ಹರವಿ, ಒಂದು ಸಲ ಮಗುಚಿ, ಪೂರ್ತಿ ಆರಿಸಿ. ಆದರೆ ಒಣಗುವಾಗ ರೊಟ್ಟಿ ಬಟ್ಟಲಿನ ಹಾಗೆ ಸೊಟ್ಟಗಾಗುತ್ತದೆ. ಸೊಟ್ಟ ರೊಟ್ಟಿ ಬುಟ್ಟಿಯಲ್ಲಿ ಜಾಗ ತಿನ್ನುತ್ತದೆ, ಟ್ರ್ಯಾಕ್ಟರಿನ ಕುಲುಕಿಗೆ ಮೊದಲು ಮುರಿಯುತ್ತದೆ. ಆವಿ ಹೋಗಿ ಇನ್ನೂ ಉಗುರುಬೆಚ್ಚಗೆ, ಬಾಗುವಂತಿರುವಾಗ ಹತ್ತು ಹತ್ತರ ಮೇಲೆ ಒಂದು ಮಣೆ ಹತ್ತು ನಿಮಿಷ ಇಟ್ಟು ತೆಗೆದು ಮತ್ತೆ ಹರವಿದರೆ ಚಪ್ಪಟೆಯಾಗಿ ಒಣಗುತ್ತದೆ. ಇದಕ್ಕೆ ಇಬ್ಬರನ್ನು ಬೇರೆಯಾಗಿಯೇ ಬಿಡಬೇಕು. ರಾತ್ರಿ ಹೊರಗೆ ಬಿಡಬೇಡಿ, ಇಬ್ಬನಿಗೆ ಬೆಳಗಾಗುವುದರೊಳಗೆ ಎಲ್ಲ ಮೆತ್ತಗೆ. ಮುರಿದು ನೋಡಿದಾಗ ಕಟ್ ಅಂತ ಸದ್ದು ಬಂದರೆ ಬುಟ್ಟಿಗೆ, ಬಾಗಿದರೆ ಮತ್ತೆ ಬಿಸಿಲಿಗೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಬಿದಿರ ಬುಟ್ಟಿಗೆ ಒಗೆದು ಒಣಗಿಸಿದ ಹತ್ತಿ ಬಟ್ಟೆ ಹಾಸಿ, 50ರ ಲೆಕ್ಕದಲ್ಲಿ ಅಟ್ಟಿ ಕಟ್ಟಿದರೆ ಎಣಿಸುವುದೂ ಸುಲಭ, ದಾಸೋಹದಲ್ಲಿ ಬಡಿಸುವವರಿಗೂ ಸುಲಭ.

ಬುಟ್ಟಿಯ ಮೇಲೆ ಊರಿನ ಹೆಸರು ಸಾಕು. ಓಣಿಯ ಹೆಸರು, ಕೇರಿಯ ಹೆಸರು, ಮನೆಯ ಹೆಸರು ಬರೆಯಬೇಡಿ. ಯಾಕೆ ಅಂತ ಬಿಡಿಸಿ ಹೇಳಿಯೇಬಿಡಬೇಕು. ಯಾವ ಕೇರಿಯ ಬುಟ್ಟಿ ಅಂತ ಗೊತ್ತಾದ ಕೂಡಲೇ ಅದನ್ನು ಬದಿಗಿಡುವ ಕೈ ಇನ್ನೂ ಊರುಗಳಲ್ಲಿ ಇದೆ. ಡಂಗುರ ಹೊಡೆಯಲು, ಟ್ರ್ಯಾಕ್ಟರಿನ ಮುಂದೆ ಹಲಗೆ ಬಾರಿಸಲು ಒಂದು ಕೇರಿಯವರನ್ನು ಕರೆದು, ರೊಟ್ಟಿ ಬಡಿಯುವಾಗ ಅದೇ ಕೇರಿಯ ಹೆಂಗಸರಿಗೆ ‘ನೀವು ಜೋಳ ಕೊಡ್ರಿ ಸಾಕು’ ಅನ್ನುವುದು ಊರು ಕೂಡುವ ರೀತಿಯಲ್ಲ. ಇದಕ್ಕೆ ಉಪದೇಶಕ್ಕಿಂತ ಏರ್ಪಾಡು ಹೆಚ್ಚು ಕೆಲಸ ಮಾಡುತ್ತದೆ: ಕಪ್ಪು ಜೋಳ ಬೇರೆ ಮಾಡಿದ ಮೇಲೆ ಉಳಿದ ಎಲ್ಲ ಜೋಳ ಒಂದೇ ಗಿರಣಿಗೆ, ಎಲ್ಲ ಹಿಟ್ಟು ಒಂದೇ ರಾಶಿಗೆ, ಒಲೆಗೆ ಮೂವರನ್ನು ಬೇರೆ ಬೇರೆ ಓಣಿಯಿಂದ ಕೂಡಿಸುವುದು, ಎಲ್ಲ ರೊಟ್ಟಿ ಒಂದೇ ಹಾಸಿನ ಮೇಲೆ ಒಣಗುವುದು. ಮೇಲೆ ಹೇಳಿದ ‘ಕೈ ಗೊತ್ತಿದ್ದವರು’ ಅನ್ನುವ ಮಾತಿಗೆ ಇದು ಅಡ್ಡ ಬರುವುದಿಲ್ಲ. ಹತ್ತಿ ಹೊಲದಲ್ಲಿ, ಕಳೆ ಸಾಲಿನಲ್ಲಿ, ಮಹಿಳಾ ಸಂಘದ ವಾರದ ಸಭೆಯಲ್ಲಿ ಇವರೆಲ್ಲ ಅಕ್ಕಪಕ್ಕ ಕೂತವರೇ. ಒಲೆಯ ಗುಂಪು ಮಾಡುವ ಕೆಲಸವನ್ನು ಸಂಘದ ಹೆಂಗಸರ ಕೈಗೇ ಕೊಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಎಲ್ಲರಿಗೂ ಸುದ್ದಿ ಮುಟ್ಟಿಸಲು ಈಗ ಗುಡಿಯ ಮೈಕು ಇದೆ, ವಾಟ್ಸಾಪ್ ಗುಂಪು ಇದೆ. ಆದರೂ ಒಮ್ಮೆ ಪ್ರತಿ ಓಣಿಗೆ ಇಬ್ಬರು ಹೆಂಗಸರು ಹೋಗಿ ‘ಬರ್ರಿ’ ಅಂತ ಕರೆಯಬೇಕು. ಮೈಕಿನಲ್ಲಿ ಕೇಳಿದ್ದು ಹೇಳಿಕೆ, ಬಾಗಿಲಿಗೆ ಬಂದು ಕರೆದದ್ದು ಕರೆಯುವಿಕೆ.

ಕೆಲವು ಊರುಗಳಲ್ಲಿ ಈಗ ದುಡ್ಡು ಪಟ್ಟಿ ಎತ್ತಿ ಯಂತ್ರದ ರೊಟ್ಟಿ ಕೊಂಡು ಕಳಿಸುವುದು ಬಂದಿದೆ. ಇದನ್ನು ಹೀಗಳೆಯುವವರು ಇದ್ದಾರೆ. ಊರಲ್ಲಿ ಕೈಗಳೇ ಇಲ್ಲದಿದ್ದರೆ, ಇರುವ ಹತ್ತು ಮುದುಕಿಯರ ಮೇಲೆ 5,000 ಹೇರುವುದಕ್ಕಿಂತ ಕೊಂಡು ಕಳಿಸುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ: ಅದೇ ದುಡ್ಡಿನಲ್ಲಿ ಊರಿನ ಕೂಲಿ ಹೆಂಗಸರಿಗೆ ಎರಡು ದಿನದ ಹೊಲದ ಕೂಲಿಯನ್ನೇ ಕೊಟ್ಟು ಒಲೆಗೆ ಕೂರಿಸುವುದು. ಕೂಲಿ ತೆಗೆದುಕೊಂಡರೆ ಸೇವೆ ಆಗುವುದಿಲ್ಲ ಅನ್ನುವ ಮಾತು ಕೂಲಿ ಬೇಡವಾದವರ ಬಾಯಲ್ಲೇ ಕೇಳುವುದು ಹೆಚ್ಚು. ಬೇಡ ಅನ್ನುವವರು ಬಿಡಲಿ, ಬೇಕಾದವರು ತಲೆ ತಗ್ಗಿಸದೆ ತೆಗೆದುಕೊಳ್ಳಲಿ.

ಗಂಡಸರ ಕೆಲಸ ಟ್ರ್ಯಾಕ್ಟರ್ ಸಿಂಗರಿಸುವಾಗ ಮಾತ್ರ ಶುರುವಾಗುವುದೂ ನಿಲ್ಲಬೇಕು. ಕಟ್ಟಿಗೆ ಸೀಳುವುದು, ಬ್ಯಾರಲ್ ತುಂಬುವುದು, ಗಿರಣಿಗೆ ಹೋಗಿ ಬರುವುದು, ಎಸರಿನ ದೊಡ್ಡ ಪಾತ್ರೆಯನ್ನು ಎತ್ತಿ ಇಳಿಸುವುದು, ಆ ಎರಡು ದಿನ ಮಕ್ಕಳನ್ನೂ ದನಗಳನ್ನೂ ನೋಡಿಕೊಳ್ಳುವುದು. ಒಲೆಗೆ ಕೂತವರಿಗೆ ಹತ್ತು ಗಂಟೆಗೆ ಚಹಾ, ಮಂಡಕ್ಕಿ-ಒಗ್ಗರಣೆ, ಮಧ್ಯಾಹ್ನಕ್ಕೆ ಅನ್ನ-ಸಾರು ಮಾಡಿ ಬಡಿಸುವುದು ಗಂಡಸರ ಪಾಳಿ. ರೊಟ್ಟಿ ಬಡಿದು ಮನೆಗೆ ಹೋಗಿ ಮತ್ತೆ ಅಡುಗೆಗೆ ನಿಲ್ಲಬೇಕಾದರೆ ಮರುದಿನ ಬರುವವರು ಕಡಿಮೆಯಾಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಹೇರುವಾಗ ಟ್ರಾಲಿಯ ತಳಕ್ಕೆ ಒಂದು ಗೇಣು ಒಣಹುಲ್ಲು ಹಾಸಿ, ಮೇಲೆ ಗೋಣಿತಾಟು, ಅದರ ಮೇಲೆ ಬುಟ್ಟಿ ಒಂದೇ ಸಾಲು. ಎರಡನೇ ಸಾಲು ಪೇರಿಸಬೇಕೆಂದಿದ್ದರೆ ನಡುವೆ ಹಲಗೆ ಇರಬೇಕು, ಇಲ್ಲದಿದ್ದರೆ ಕೆಳಗಿನ ಬುಟ್ಟಿಯ ಮೇಲಿನ ಅಟ್ಟಿಗಳು ಚೂರು. ಬುಟ್ಟಿಗಳ ಸಂದಿಗೂ ಹುಲ್ಲು ತುಂಬಿ. ರೊಟ್ಟಿಯ ಮೇಲೆ ಜನ ಕೂರಬಾರದು, ಅವರಿಗೆ ಬೇರೆ ಗಾಡಿ. ಮಾದಲಿ, ಕಾಳು, ಕಾಯಿಪಲ್ಯೆ ಕೊಡುವವರು ಬೇರೆ ಚೀಲದಲ್ಲಿ ಕೊಡಲಿ; ಬದನೆಕಾಯಿ, ಕುಂಬಳಕಾಯಿ ರೊಟ್ಟಿಯ ಪಕ್ಕ ಇಟ್ಟರೆ ಅದರ ತಂಪು ರೊಟ್ಟಿಗೆ ಇಳಿಯುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಹೊರಡಿ, ಮೇಲೆ ಬಟ್ಟೆ ಹೊದಿಸಿ ತಾಡಪತ್ರಿಯನ್ನು ಸಡಿಲವಾಗಿ ಕಟ್ಟಿ, ಗಾಳಿ ಆಡುವಂತೆ.

ಟ್ರ್ಯಾಕ್ಟರ್ ಊರಿಗೆ ವಾಪಸ್ ಬರುವಾಗ ಖಾಲಿ ಬುಟ್ಟಿ, ಬಟ್ಟೆ ಎಣಿಸಿ ತನ್ನಿ, ಯಾರ ಮನೆಯದು ಯಾರಿಗೆ ಅಂತ ಅದೇ ದಿನ ಮುಟ್ಟಿಸಿ. ಎರವಲು ತಂದ ಹಂಚು, ಪರಾತಗಳದ್ದೂ ಅಷ್ಟೇ. ಬರುವ ವರ್ಷ ಒಲೆ ಹೂಡುವಾಗ ಒಬ್ಬಳು ‘ಹಂಚು ಕೊಡಲ್ಲ’ ಅಂದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಹಿಂದಿನ ಸಲ ವಾಪಸ್ ಬಾರದ ಹಂಚೇ. ಉಳಿದ ಹಿಟ್ಟು ಹತ್ತು ಹದಿನೈದು ಕಿಲೋ ಇದ್ದೇ ಇರುತ್ತದೆ. ಅದನ್ನು ಮುಂದಿನ ಕಾರ್ಯಕ್ಕೆ ಅಂತ ಗುಡಿಯಲ್ಲಿ ಕಟ್ಟಿಡಬೇಡಿ, ಕಹಿಯಾಗಿ ದನಕ್ಕೆ ಹೋಗುತ್ತದೆ. ಒಬ್ಬಳೇ ಇರುವ ಮುದುಕಿಯರ ಮನೆಗೆ, ಬಾಣಂತಿ ಮನೆಗೆ, ಸೂತಕ ಕಳೆದ ಮನೆಗೆ ಎರಡೆರಡು ಕಿಲೋ ಹಾಕಿಕೊಟ್ಟು, ಅದನ್ನೂ ಪುಸ್ತಕದಲ್ಲಿ ಬರೆದು ಲೆಕ್ಕ ಮುಚ್ಚಿ.